ತಂತಿ ಜೋಡಿಸುವುದನ್ನೂ ಕಲಿಸಿ

ಮಾನ್ಯರೇ,

ಹನಿ ನೀರಾವರಿಗೆ ಸಹಾಯಧನ ಸಿಗುತ್ತಿದೆ, ಸಂತೋಷ. ಆದರೆ ಹೊತ್ತಿಗೆ ಸರಿಯಾಗಿ ನೀರಿನ ವಾಲ್ವ್ ತೆರೆದು ಮುಚ್ಚುವ ಟೈಮರ್ ಕೂರಿಸುವವರು ತಂತಿ ಜೋಡಿಸುವ ರೀತಿ ಕಂಡರೆ ಹೊಟ್ಟೆ ಉರಿಯುತ್ತದೆ. ನಮ್ಮ ತೆಂಗಿನ ತೋಟದಲ್ಲಿ ನಾಲ್ಕು ವಾಲ್ವ್‌ಗಳಿವೆ. ಒಂದೊಂದಕ್ಕೂ ಬೇರೆ ತಂತಿ, ನಾಲ್ಕಕ್ಕೂ ಸೇರಿ ಒಂದು ಕಾಮನ್, ಅಂದರೆ ವಿದ್ಯುತ್ ವಾಪಸಾಗುವ ಸಾಮಾನ್ಯ ತಂತಿ. ಇರುವುದು 24 ವೋಲ್ಟ್ ಅಷ್ಟೇ. ಆ ಕಾಮನ್ ತಂತಿಯ ಜಾಯಿಂಟಿಗೆ ಬರೀ ಟೇಪ್ ಸುತ್ತಿ ಮಣ್ಣು ಮುಚ್ಚಿ ಹೋಗಿದ್ದರು. ಮಳೆಗಾಲ ಕಳೆಯುವಷ್ಟರಲ್ಲಿ ತಾಮ್ರ ಹಸಿರುಗಟ್ಟಿ, ಮುಟ್ಟಿದರೆ ಪುಡಿಪುಡಿ. ವಾಲ್ವ್ ತೆರೆಯದೆ, ನೀರು ಸಿಗದೆ ಎಳೆ ಸಸಿಗಳು ಬಾಡಿದ ಮೇಲೇ ನಮಗೆ ತಿಳಿದದ್ದು. ಗ್ರೀಸ್ ತುಂಬಿದ ಕನೆಕ್ಟರ್ ಹಾಕಿ, ಜಾಯಿಂಟನ್ನು ವಾಲ್ವ್ ಪೆಟ್ಟಿಗೆಯೊಳಗೇ ಇಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ. ತೋಟಗಾರಿಕೆ ಇಲಾಖೆ ತರಬೇತಿಯಲ್ಲಿ ಈ ಕೆಲಸಕ್ಕೆ ಅರ್ಧ ದಿನ ಮೀಸಲಿಡಲಿ, ತಂತಿ, ಜಾಯಿಂಟು ಸರಿ ಇದೆಯೇ ಎಂದು ಪರೀಕ್ಷಿಸುವ ಮಲ್ಟಿಮೀಟರನ್ನು ರೈತರ ಕೈಗೇ ಕೊಟ್ಟು ಕಲಿಸಲಿ.

– ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು