ತವರು ಮೈದಾನದ ಬಲ ಮತ್ತು ಪ್ರೇಕ್ಷಕರ ಕೂಗು

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನ 2020-21ರ ಋತುವಿನಲ್ಲಿ ನಡೆದ 380 ಪಂದ್ಯಗಳ ಪೈಕಿ ತವರು ತಂಡಗಳು 144ರಲ್ಲಿ ಗೆದ್ದರೆ, ಎದುರಾಳಿಯ ಊರಿಗೆ ಹೋಗಿ ಆಡಿದ ತಂಡಗಳು 153ರಲ್ಲಿ ಗೆದ್ದವು. 1888ರಿಂದ ನಡೆದುಬಂದಿರುವ ಆ ದೇಶದ ಅಗ್ರ ದರ್ಜೆಯ ಫುಟ್‌ಬಾಲ್‌ನಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ. ಕೋವಿಡ್‌ನಿಂದಾಗಿ ಆ ವರ್ಷದ ಬಹುಪಾಲು ಪಂದ್ಯಗಳಿಗೆ ಪ್ರೇಕ್ಷಕರೇ ಇರಲಿಲ್ಲ. ತವರಿನಲ್ಲಿ ಸತತ 68 ಲೀಗ್ ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಲಿವರ್‌ಪೂಲ್, 2021ರ ಜನವರಿಯಲ್ಲಿ ಬರ್ನ್ಲಿ ತಂಡಕ್ಕೆ ಮಣಿದದ್ದು ಮೊದಲ್ಗೊಂಡು ತನ್ನದೇ ಆನ್‌ಫೀಲ್ಡ್ ಮೈದಾನದಲ್ಲಿ ಸಾಲಾಗಿ ಆರು ಲೀಗ್ ಪಂದ್ಯಗಳನ್ನು ಕಳೆದುಕೊಂಡಿತು. ಆ ತಂಡದ ಪ್ರಮುಖ ರಕ್ಷಣಾ ಆಟಗಾರರು ಗಾಯಗೊಂಡು ಹೊರಗುಳಿದಿದ್ದರು ಎಂಬುದೂ ನಿಜವಾದ್ದರಿಂದ, ಸೋಲಿನ ಹೊಣೆಯನ್ನೆಲ್ಲ ಖಾಲಿ ಆಸನಗಳ ಮೇಲೆ ಹೊರಿಸಲಾಗದು.

ಜನರ ಕೂಗು ಆಟಗಾರರ ಕಾಲಿಗೆ ಕಸುವು ತುಂಬುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅದು ಸುಳ್ಳಲ್ಲದಿರಬಹುದು, ಆದರೆ ಆ ಕೂಗು ಹೆಚ್ಚು ಖಚಿತವಾಗಿ ಮುಟ್ಟುವುದು ರೆಫರಿಯ ಸೀಟಿಯನ್ನು ಎಂಬುದೇ ಈ ಅಂಕಣದ ಅಭಿಪ್ರಾಯ. ಲಿವರ್‌ಪೂಲ್ ಮತ್ತು ಲೆಸ್ಟರ್ ನಡುವಿನ ಪಂದ್ಯವೊಂದರ ವಿಡಿಯೊವನ್ನು 40 ರೆಫರಿಗಳಿಗೆ, ಕೆಲವರಿಗೆ ಪ್ರೇಕ್ಷಕರ ಸದ್ದಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ ತೋರಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಸದ್ದನ್ನು ಕೇಳಿಸಿಕೊಂಡವರು ತವರು ತಂಡದ ವಿರುದ್ಧ ಶೇಕಡ 15ರಷ್ಟು ಕಡಿಮೆ ಫೌಲ್‌ಗಳನ್ನು ನೀಡಿದರು. ಸ್ಪೇನಿನ ಲೀಗ್‌ನಲ್ಲಿ ತವರು ತಂಡ ಒಂದು ಗೋಲಿನಿಂದ ಹಿಂದಿದ್ದಾಗ ರೆಫರಿಗಳು, ಆಟ ನಿಂತ ಹೊತ್ತಿಗೆ ಬದಲಾಗಿ ಕೊನೆಯಲ್ಲಿ ಸೇರಿಸುವ ಇಂಜುರಿ ಟೈಮ್ ಅನ್ನು ಹೆಚ್ಚಾಗಿ ಕೊಡುತ್ತಿದ್ದರೆಂದೂ, ಅದೇ ತಂಡ ಒಂದು ಗೋಲಿನಿಂದ ಮುಂದಿದ್ದಾಗ ಬೇಗ ಮುಗಿಸುತ್ತಿದ್ದರೆಂದೂ ಇನ್ನೊಂದು ಅಧ್ಯಯನ ತೋರಿಸಿತು. 2020ರ ಮೇ ತಿಂಗಳಲ್ಲಿ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾ ಪ್ರೇಕ್ಷಕರಿಲ್ಲದೆ ಮತ್ತೆ ಶುರುವಾದ ಮೇಲೆ, ಪರಸ್ಥಳದ ತಂಡಗಳಿಗೇ ಹೆಚ್ಚು ಹಳದಿ ಕಾರ್ಡ್ (ಎಚ್ಚರಿಕೆಯ ಕಾರ್ಡ್) ಬೀಳುತ್ತಿದ್ದ ಹಳೆಯ ವಾಡಿಕೆ ಬಹುಮಟ್ಟಿಗೆ ಮರೆಯಾಯಿತು. ಇದರಲ್ಲಿ ರೆಫರಿಗಳ ಅಪ್ರಾಮಾಣಿಕತೆಯನ್ನು ಹುಡುಕುವುದು ಅನ್ಯಾಯ. ಸಾವಿರಾರು ಜನ ಒಟ್ಟಿಗೆ ಕಿರುಚುವಾಗ, ಅರೆಕ್ಷಣದಲ್ಲಿ ತೀರ್ಪು ಕೊಡಬೇಕಾದ ಯಾರ ಮನಸ್ಸಾದರೂ ಅರಿವಿಲ್ಲದೆ ಆ ಕಡೆಗೆ ವಾಲುತ್ತದೆ.

ಕ್ರಿಕೆಟ್‌ನ ಮಾತು ಬೇರೆ. ಅಲ್ಲಿ ತವರಿನ ಬಲದ ದೊಡ್ಡ ಪಾಲು ಪಿಚ್ ಮತ್ತು ಹವೆಯದು. ಅಂಪೈರ್‌ನ ಸಂದೇಹಾಸ್ಪದ ತೀರ್ಪನ್ನು ಡಿಆರ್‌ಎಸ್ (ವಿಡಿಯೊ ನೋಡಿ ತೀರ್ಪನ್ನು ಮರುಪರಿಶೀಲಿಸುವ ವ್ಯವಸ್ಥೆ) ಮೂಲಕ ಪ್ರಶ್ನಿಸಲೂಬಹುದು. ನಮ್ಮ ರಾಯಲ್ ಚಾಲೆಂಜರ್ಸ್ ಬೆಂಗಳೂರು 2025ರ ಐಪಿಎಲ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಮೊದಲ ಮೂರು ಪಂದ್ಯಗಳನ್ನೂ ಕಿಕ್ಕಿರಿದ ಅಭಿಮಾನಿಗಳ ಎದುರೇ ಸೋತು, ಪರಸ್ಥಳದ ಏಳೂ ಲೀಗ್ ಪಂದ್ಯಗಳನ್ನು ಗೆದ್ದು ಪ್ರಶಸ್ತಿಗೆ ದಾರಿ ಮಾಡಿಕೊಂಡಿತು.

ಫುಟ್‌ಬಾಲ್ ಆಡಳಿತಗಾರರು ರೆಫರಿಗಳ ಕೆಲಸವನ್ನು ಪರಿಶೀಲಿಸುವಾಗ ಪ್ರತಿ ಪಂದ್ಯದ ಕಾರ್ಡ್‌ಗಳನ್ನೂ ಇಂಜುರಿ ಟೈಮ್ ಅನ್ನೂ ಆ ದಿನದ ಪ್ರೇಕ್ಷಕರ ಸಂಖ್ಯೆಯೊಂದಿಗೆ ಹೋಲಿಸಿ ನೋಡಬೇಕು, ಮತ್ತು ತರಬೇತಿಯಲ್ಲೇ ಅವರಿಗೆ ಗದ್ದಲದ ನಡುವೆ ತೀರ್ಪು ಕೊಡುವ ಅಭ್ಯಾಸ ಮಾಡಿಸಬೇಕು.