ಐಟಿ ಕಾಂಟ್ರಾಕ್ಟರ್‌ಗಳ ಹಣ ಮೂರು ತಿಂಗಳು ತಡವೇಕೆ?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಐಟಿ ಉದ್ಯೋಗದ ಚರ್ಚೆಯೆಲ್ಲ ಕ್ಯಾಂಪಸ್ ನೇಮಕಾತಿ, ಸಂಬಳ ಏರಿಕೆ, ಲೇಆಫ್‌ಗಳ ಸುತ್ತಲೇ ನಡೆಯುತ್ತದೆ. ಅದೇ ಕಚೇರಿಯಲ್ಲಿ ಬೇರೆ ಬಣ್ಣದ ಐಡಿ ಕಾರ್ಡ್ ಹಾಕಿಕೊಂಡು, ಆರು ತಿಂಗಳೋ ವರ್ಷವೋ ಎಂಬ ಲೆಕ್ಕದಲ್ಲಿ ದುಡಿಯುವ ಕಾಂಟ್ರಾಕ್ಟರ್‌ಗಳ ಮಾತು ಬರುವುದು ಅಪರೂಪ. ಇವರ ಕೆಲಸ ಹೇಗೆ ನಿಕ್ಕಿಯಾಗುತ್ತದೆ, ಹಣ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಈ ದಾರಿ ಹಿಡಿಯುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ದೊಡ್ಡ ಕಂಪನಿಗಳು ಕಾಂಟ್ರಾಕ್ಟರ್‌ಗಳನ್ನು ನೇರವಾಗಿ ತೆಗೆದುಕೊಳ್ಳುವುದು ಕಡಿಮೆ. ಮ್ಯಾನೇಜರ್‌ಗೆ ಜನ ಬೇಕಾದಾಗ ಬೇಡಿಕೆ ಫೀಲ್ಡ್‌ಗ್ಲಾಸ್, ಬೀಲೈನ್‌ನಂಥ ತಂತ್ರಾಂಶದಲ್ಲಿ ನಮೂದಾಗುತ್ತದೆ. ಕಂಪನಿಯ ಪಟ್ಟಿಯಲ್ಲಿರುವ, ಜನರನ್ನು ಒದಗಿಸುವ ವೆಂಡರ್‌ಗಳಿಗೆ ಮಾತ್ರ ಅದು ಕಾಣುತ್ತದೆ. ಅವರ ಬಳಿ ತಕ್ಕ ಜನ ಇಲ್ಲದಿದ್ದರೆ ಸಣ್ಣ ಏಜೆನ್ಸಿಗಳಿಗೆ ದಾಟಿಸುತ್ತಾರೆ, ಅವು ಇನ್ನೊಂದಕ್ಕೆ. ಹಾಗಾಗಿ ಒಂದೇ ಹುದ್ದೆಗೆ ಒಂದೇ ದಿನ ನಾಲ್ಕು ಕಡೆಯಿಂದ ಫೋನ್ ಬರುತ್ತದೆ. ನಾಲ್ವರಿಗೂ ರೆಸ್ಯೂಮೆ ಕಳಿಸಿದರೆ ಕೆಲಸ ಕೆಟ್ಟ ಹಾಗೆಯೇ. ಒಬ್ಬರ ಹೆಸರು ಎರಡು ವೆಂಡರ್‌ಗಳಿಂದ ಬಂದರೆ ಕಮಿಷನ್ ಜಗಳ ಬೇಡವೆಂದು, ಕೆಲಸ ಮಾಡಿಸಿಕೊಳ್ಳುವ ಕ್ಲೈಂಟ್ ಕಂಪನಿ ಎರಡನ್ನೂ ತಳ್ಳಿಹಾಕುವುದು ಸಾಮಾನ್ಯ. ಆದ್ದರಿಂದ ಫೋನ್ ಮಾಡಿದವರಿಂದ ಕ್ಲೈಂಟ್ ಹೆಸರು, ಹುದ್ದೆಯ ರೆಕ್ವಿಸಿಷನ್ ನಂಬರ್ (ತಂತ್ರಾಂಶದಲ್ಲಿ ಆ ಬೇಡಿಕೆಗಿರುವ ಸಂಖ್ಯೆ), ತಮಗೆ ಸಿಗುವ ದರ ಈ ಮೂರನ್ನು ಮೇಲ್‌ನಲ್ಲಿ ಬರೆಸಿಕೊಂಡು, ಆಮೇಲೆ ಒಬ್ಬರಿಗೆ ಮಾತ್ರ ಲಿಖಿತ ಒಪ್ಪಿಗೆ ಕೊಡಬೇಕು. ಕ್ಲೈಂಟ್ ಹೆಸರು ಹೇಳಲು ಒಪ್ಪದ ಏಜೆನ್ಸಿ ಸರಪಳಿಯಲ್ಲಿ ಮೂರನೆಯದೋ ನಾಲ್ಕನೆಯದೋ ಇರಬಹುದು.

ಇನ್ನೊಂದು ಮಾತು. ರೆಸ್ಯೂಮೆಯನ್ನು ವರ್ಡ್ ಫೈಲ್‌ನಲ್ಲಿ ಕಳಿಸಿದರೆ ನಡುವಿನವರು ಅದರಲ್ಲಿ ಕೈಯಾಡಿಸುವುದುಂಟು. ಎರಡು ವರ್ಷದ ಅನುಭವ ನಾಲ್ಕಾಗುತ್ತದೆ, ಮುಟ್ಟದ ಟೂಲ್‌ಗಳ ಹೆಸರು ಸೇರಿಕೊಳ್ಳುತ್ತವೆ. ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂದಾಗ ತಬ್ಬಿಬ್ಬಾಗುವವರು ಅಭ್ಯರ್ಥಿ, ಏಜೆನ್ಸಿಯಲ್ಲ. ಪಿಡಿಎಫ್ ಕಳಿಸಿ, ಕ್ಲೈಂಟ್‌ಗೆ ಹೋದ ಪ್ರತಿಯನ್ನು ಕೇಳಿ ಪಡೆಯಿರಿ. ಹಣ ಕೊಟ್ಟರೆ ಅನುಭವ ಪತ್ರ ಮಾಡಿಸಿಕೊಡುತ್ತೇವೆ, ಸಂದರ್ಶನಕ್ಕೆ ಬೇರೆಯವರನ್ನು ಕೂರಿಸುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬಾರದು. ಹಿನ್ನೆಲೆ ಪರಿಶೀಲನೆಯಲ್ಲಿ ಪಿಎಫ್‌ನ ಯುಎಎನ್ (ಪ್ರತಿ ಸದಸ್ಯರಿಗೆ ಕೊಡುವ ಕಾಯಂ ಸಂಖ್ಯೆ) ದಾಖಲೆಯನ್ನೇ ನೋಡುವ ಕಾಲವಿದು. ಎಲ್ಲಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಇದ್ದಿರಿ ಎಂಬುದು ಅಲ್ಲಿ ನಿಚ್ಚಳ. ಪ್ರಾಮಾಣಿಕರೂ ಇಲ್ಲಿ ಎಡವುತ್ತಾರೆ. ಹಳೆಯ ವೆಂಡರ್ ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕದೆ ಬಿಟ್ಟಿದ್ದರೆ ಎರಡು ಕಡೆ ಒಟ್ಟಿಗೆ ದುಡಿದಂತೆ ಕಾಣುತ್ತದೆ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಪೋರ್ಟಲ್‌ನಲ್ಲಿ ಸದಸ್ಯರೇ ನಮೂದಿಸಬಹುದು. ಮುಂದಿನ ಆಫರ್ ಬರುವ ಮೊದಲೇ ಇದನ್ನು ಮುಗಿಸಿಡುವುದು ಲೇಸು.

ಈಗ ದರದ ವಿಚಾರ. ತಿಂಗಳಿಗೆ 1,35,000 ರೂಪಾಯಿ ಎಂದು ಏಜೆನ್ಸಿ ಹೇಳಿತೆನ್ನಿ. ಅದು ಪೇರೋಲ್ (ಏಜೆನ್ಸಿಯ ಸಂಬಳದ ಪಟ್ಟಿ) ಮೇಲೋ, ಫ್ರೀಲಾನ್ಸ್ ಇನ್‌ವಾಯ್ಸ್ ಮೇಲೋ ಎಂಬುದು ಮೊದಲು ಸ್ಪಷ್ಟವಾಗಬೇಕು. ಪೇರೋಲ್ ಆದರೆ ಆ ಮೊತ್ತ ಸಿಟಿಸಿ, ಅಂದರೆ ನೌಕರರ ಮೇಲೆ ಏಜೆನ್ಸಿ ಮಾಡುವ ಒಟ್ಟು ವೆಚ್ಚ. ಬೇಸಿಕ್ ಅರ್ಧ, ಅಂದರೆ 67,500 ಆಗಿದ್ದು ಪಿಎಫ್ ಪೂರ್ತಿ ಬೇಸಿಕ್ ಮೇಲೆ ಕಟ್ಟುವುದಾದರೆ, ಶೇ 12ರಂತೆ ಮಾಲೀಕರ ಪಾಲು 8,100, ನೌಕರರ ಪಾಲು 8,100 ಎರಡೂ ಅದರಲ್ಲೇ ಹೋಗುತ್ತವೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಹೆಸರಲ್ಲಿ ಬೇಸಿಕ್‌ನ ಶೇ 4.81, ವೃತ್ತಿ ತೆರಿಗೆ 200 ಕಳೆದರೆ ಆದಾಯ ತೆರಿಗೆಗೆ ಮೊದಲೇ ಕೈಗೆ ಬರುವುದು ಸುಮಾರು 1,15,350. ಫ್ರೀಲಾನ್ಸ್ ಆದರೆ ವೃತ್ತಿಪರ ಶುಲ್ಕದ ಮೇಲೆ ಶೇ 10 ಟಿಡಿಎಸ್ (ಹಣ ಕೊಡುವವರೇ ಮುರಿದುಕೊಂಡು ಕಟ್ಟುವ ಆದಾಯ ತೆರಿಗೆ) ಹಿಡಿದು 1,21,500 ಕೊಡುತ್ತಾರೆ. ಕೈಗೆ ಹೆಚ್ಚು ಬಂತು ಎಂದು ಹಿಗ್ಗುವ ಹಾಗಿಲ್ಲ, ಇದರಲ್ಲಿ ಪಿಎಫ್ ಇಲ್ಲ, ವಿಮೆ ಇಲ್ಲ, ರಜೆಯ ಸಂಬಳವಿಲ್ಲ. ಹಿಡಿದ ಟಿಡಿಎಸ್ ತಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡುತ್ತಿರಬೇಕು. ಹಿಡಿದು ಕಟ್ಟದ ಏಜೆನ್ಸಿಗಳೂ ಇವೆ.

ದಿನದ ದರ ಕೇಳುವಾಗ ಬಹುಮಂದಿ ಕಡಿಮೆ ಕೇಳಿ ಕೆಡುತ್ತಾರೆ. ವರ್ಷಕ್ಕೆ 18 ಲಕ್ಷದ ನೌಕರಿಗೆ ಸಮ ಬೇಕೆಂದು ಅದನ್ನು 261 ಕೆಲಸದ ದಿನಗಳಿಂದ ಭಾಗಿಸಿ 6,900 ಕೇಳುತ್ತಾರೆ. ಹಬ್ಬದ ರಜೆ 10, ಕಾಯಿಲೆ ಕಸಾಲೆ, ಮನೆ ಕೆಲಸಕ್ಕೆ 15, ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗೆ 20 ದಿನ ಕಳೆದರೆ ಉಳಿಯುವುದು 216. ಆಗ ದರ 8,300 ದಾಟುತ್ತದೆ. ವಿಮೆ, ಲ್ಯಾಪ್‌ಟಾಪ್, ಲೆಕ್ಕಪರಿಶೋಧಕರ ಶುಲ್ಕ ಇದರ ಮೇಲೆ. ಅಮೆರಿಕದ ಕ್ಲೈಂಟ್‌ಗಳು ಡಿಸೆಂಬರ್ ಕೊನೆಗೆ ಕೆಲಸ ನಿಲ್ಲಿಸಿದರೆ ಆ ದಿನಗಳಿಗೂ ಬಿಲ್ ಇಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ಹಣದ ಓಡಾಟದ್ದು. ಜೂನ್ ತಿಂಗಳ ದುಡಿಮೆಯನ್ನೇ ನೋಡಿ. ದುಡಿದ ಗಂಟೆಗಳ ಲೆಕ್ಕವಾದ ಟೈಮ್‌ಶೀಟ್‌ಗೆ ಮ್ಯಾನೇಜರ್ ಒಪ್ಪಿಗೆ ಸಿಗುವುದು ಜುಲೈ ಮೊದಲ ವಾರ. ಕಾಂಟ್ರಾಕ್ಟರ್ ಏಜೆನ್ಸಿಗೆ, ಏಜೆನ್ಸಿ ದೊಡ್ಡ ವೆಂಡರ್‌ಗೆ, ವೆಂಡರ್ ಕ್ಲೈಂಟ್‌ಗೆ ಇನ್‌ವಾಯ್ಸ್ ಕಳಿಸುವ ಹೊತ್ತಿಗೆ ಜುಲೈ ಅರ್ಧ ಕಳೆದಿರುತ್ತದೆ. ಕ್ಲೈಂಟ್ 60 ದಿನದ ಗಡುವು ಇಟ್ಟುಕೊಂಡಿದ್ದರೆ ಹಣ ಹೊರಡುವುದೇ ಸೆಪ್ಟೆಂಬರ್ ನಡುವಿನಲ್ಲಿ. ಕರಾರಿನಲ್ಲಿ 'ಕ್ಲೈಂಟ್‌ನಿಂದ ಹಣ ಬಂದ ಮೇಲೆ ಪಾವತಿ' ಎಂಬ ಒಂದು ಸಾಲಿದ್ದರೆ ಅಷ್ಟೂ ದಿನದ ಭಾರ ಸರಪಳಿಯ ಕೊನೆಯಲ್ಲಿರುವ, ಎಲ್ಲರಿಗಿಂತ ಕಡಿಮೆ ಬಂಡವಾಳದ ವ್ಯಕ್ತಿಯ ತಲೆ ಮೇಲೆ. ಇನ್‌ವಾಯ್ಸ್‌ನಲ್ಲಿ ಪಿಒ (ಪರ್ಚೇಸ್ ಆರ್ಡರ್, ಅಂದರೆ ಇಷ್ಟು ಅವಧಿಗೆ ಇಷ್ಟು ಕೆಲಸ ಎಂಬ ಲಿಖಿತ ಆದೇಶ) ನಂಬರ್ ತಪ್ಪಿದರೆ, ಪಿಒದಲ್ಲಿರುವ ಗಂಟೆಗಿಂತ ಹೆಚ್ಚು ಗಂಟೆ ಬರೆದರೆ, ಜಿಎಸ್‌ಟಿ ನಂಬರ್‌ನಲ್ಲಿ ಒಂದಕ್ಷರ ತಪ್ಪಿದರೆ ಬಿಲ್ ವಾಪಸ್, ದಿನ ಮತ್ತೆ ಒಂದರಿಂದ ಎಣಿಕೆ. ಅತಿ ಅಪಾಯದ ಘಟ್ಟ ಪಿಒ ಮುಗಿದ ಮೇಲಿನ ವಾರಗಳು. 'ಎಕ್ಸ್‌ಟೆನ್ಶನ್ ಬರ್ತಾ ಇದೆ, ನೀವು ಮುಂದುವರಿಸಿ' ಎಂಬ ಬಾಯಿಮಾತು ನಂಬಿ ದುಡಿದ ದಿನಗಳಿಗೆ ಬಿಲ್ ಮಾಡಲು ಕಾಗದವೇ ಇರುವುದಿಲ್ಲ. ಹೊಸ ಪಿಒ ನಂಬರ್ ಮೇಲ್‌ನಲ್ಲಿ ಬರದೆ ಒಂದು ದಿನವೂ ಮುಂದುವರಿಯಬಾರದು, ಮ್ಯಾನೇಜರ್ ಎಷ್ಟೇ ಒಳ್ಳೆಯವರಿರಲಿ.

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಏನೇ ಬರೆದಿದ್ದರೂ ಮಾಡಿಕೊಟ್ಟ ಕೆಲಸವನ್ನು ಖರೀದಿದಾರರು ಒಪ್ಪಿಕೊಂಡ 45 ದಿನದೊಳಗೆ ಸಣ್ಣ ಉದ್ಯಮಕ್ಕೆ ಹಣ ಕೊಡಲೇಬೇಕು. ಲಿಖಿತ ಕರಾರೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. ಒಬ್ಬರೇ ದುಡಿಯುವ ಫ್ರೀಲಾನ್ಸರ್ ಕೂಡ ಸಣ್ಣ ಉದ್ಯಮವಾಗಿ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಕೊಟ್ಟು ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಶುಲ್ಕ ಕೇಳುವ ಜಾಲತಾಣಗಳು ಸರ್ಕಾರದವಲ್ಲ. ಬಾಕಿ ಬಿದ್ದ ಮೇಲೆ ಓಡುವ ಬದಲು ಕೆಲಸಕ್ಕೆ ಮೊದಲೇ ನೋಂದಾಯಿಸಿ, ಆ ನಂಬರನ್ನು ಪ್ರತಿ ಇನ್‌ವಾಯ್ಸ್ ಮೇಲೆ ಹಾಕಬೇಕು. ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸಲು ಆದಾಯ ತೆರಿಗೆ ಕಾನೂನು 2024ರ ಏಪ್ರಿಲ್‌ನಿಂದ ಬಿಡುತ್ತಿಲ್ಲ. ಆದ್ದರಿಂದ ಆ ನಂಬರ್ ಕಂಡರೆ ವೆಂಡರ್‌ನ ಅಕೌಂಟ್ಸ್ ವಿಭಾಗ ಎಚ್ಚರವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಇಂಥ ಬಾಕಿ ವ್ಯಾಜ್ಯ ಬಗೆಹರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ಪೇರೋಲ್ ಮೇಲಿರುವವರ ದಾರಿ ಬೇರೆ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ ತಿಂಗಳ ಸಂಬಳ ಮರುತಿಂಗಳ 7ರೊಳಗೆ ಸೇರಬೇಕು. 'ಕ್ಲೈಂಟ್ ಇನ್ನೂ ಕೊಟ್ಟಿಲ್ಲ' ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ. ನಿಗದಿತ ಅವಧಿಗೆ ನೇಮಕವಾದವರು ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿಗೂ ಅರ್ಹರು. ಐದು ವರ್ಷ ಆಗಿಲ್ಲ ಎನ್ನುತ್ತ, ಸಿಟಿಸಿಯಲ್ಲಿ ಕಡಿದಿಟ್ಟ ಆ ಹಣವನ್ನು ಏಜೆನ್ಸಿ ಉಳಿಸಿಕೊಳ್ಳುವ ಹಳೆಯ ರೂಢಿ ಇನ್ನು ನಡೆಯಬಾರದು. ಆದ್ದರಿಂದ ನೇಮಕಪತ್ರದಲ್ಲಿ 'ನಿಗದಿತ ಅವಧಿ' ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.

ಆ್ಯಪ್ ನಂಬಿ ದುಡಿಯುವ ಗಿಗ್ ಕೆಲಸಗಾರರಿಗಾಗಿ ಕರ್ನಾಟಕ ಸರ್ಕಾರ 2025ರಲ್ಲಿ ಕಾಯ್ದೆ ತಂದಿತು, ಅದು ಸ್ವಾಗತಾರ್ಹ. ಐಟಿ ಕಾಂಟ್ರಾಕ್ಟರ್‌ಗಳ ವಿಷಯದಲ್ಲಿ ಹೊಸ ಕಾಯ್ದೆಗೆ ಕಾಯಬೇಕಿಲ್ಲ, ಇರುವುದನ್ನು ಜಾರಿ ಮಾಡಿದರೆ ಸಾಕಷ್ಟಾಯಿತು. ಕಾರ್ಮಿಕ ಇಲಾಖೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಎರಡು ಪುಟದ ಮಾದರಿ ಕರಾರು ಪ್ರಕಟಿಸಲಿ. ಪಾವತಿಯ ದಿನಾಂಕ, ಪಿಒ ಅವಧಿ, ಎರಡೂ ಕಡೆಗೆ ಒಂದೇ ನೋಟಿಸ್ ಅವಧಿ, ಪಿಎಫ್ ಮತ್ತು ಗ್ರಾಚ್ಯುಟಿ ಯಾರ ಪಾಲಿನಿಂದ ಎಂಬುದು ಅದರಲ್ಲಿರಲಿ. ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್‌ಗಳಲ್ಲಿ ಕಚೇರಿ ತೆರೆಯುತ್ತಿರುವ ಬಹುರಾಷ್ಟ್ರೀಯ ಕಂಪನಿಗಳೂ ತಮ್ಮ ವೆಂಡರ್ ಒಪ್ಪಂದದಲ್ಲಿ ನಡುವೆ ಒಂದಕ್ಕಿಂತ ಹೆಚ್ಚು ಏಜೆನ್ಸಿ ಇರಕೂಡದು ಎಂದು ಬರೆಯಲಿ. ಮುಂದಿನ ಬಿಲ್ ಪಾಸು ಮಾಡುವ ಮೊದಲು, ಹಿಂದಿನ ತಿಂಗಳ ಹಣ ಕಾಂಟ್ರಾಕ್ಟರ್‌ನ ಖಾತೆಗೆ ಹೋದ ಬ್ಯಾಂಕ್ ದಾಖಲೆಯನ್ನು ವೆಂಡರ್‌ನಿಂದ ಕೇಳಿ ಪಡೆಯಲಿ.

ಇತಿ,
ಐಟಿ ಗುತ್ತಿಗೆ ನೇಮಕಾತಿ ಬಲ್ಲ ಓದುಗರು, ಬೆಂಗಳೂರು