ಕಲ್ಯಾಣಿಯ ಸಂದಿಗೆ ಸಿಮೆಂಟ್ ತುಂಬಲು ಹೇಳಿದವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಕಲ್ಯಾಣಿ ‘ಹೊಸ ರೂಪ’ ಪಡೆದಿದೆ ಎಂದು ಮೊನ್ನೆ ನೀವು ಹಾಕಿದ ವರದಿ ಓದಿ ಮೈ ಉರಿಯಿತು. ನಿಮ್ಮದೇ ಫೋಟೊದಲ್ಲಿ ಮೆಟ್ಟಿಲಿನ ನಡುವೆ ಬೂದು ಗೆರೆಗಳು ಕಾಣುತ್ತವಲ್ಲ, ಅದು ಸಿಮೆಂಟ್. ಪಶ್ಚಿಮದ ಬದಿ ಪೂರ್ತಿ ಮೆತ್ತಿ ಮುಗಿಸಿದ್ದಾರೆ, ದಕ್ಷಿಣದ ಬದಿ ಅರ್ಧ ಆಗಿದೆ. ಇದಕ್ಕೆ ಜೀರ್ಣೋದ್ಧಾರ ಎಂಬ ಹೆಸರು ಕೊಡಬೇಡಿ.

ಹಿಂದಿನವರಿಗೆ ಗಾರೆ ಗೊತ್ತಿಲ್ಲದೆ ಕಲ್ಲಿನ ಮೇಲೆ ಕಲ್ಲು ಹಾಗೇ ಕೂರಿಸಿದರೆ? ಮಂಟಪದ ತಾರಸಿಗೆ ಗಾರೆ ಹಾಕಿದವರೂ ಅವರೇ. ಮೆಟ್ಟಿಲಿಗೆ ಬೇಕೆಂದೇ ಹಾಕಲಿಲ್ಲ. ಚಪ್ಪಡಿಯ ಹಿಂದೆ ಸಣ್ಣ ಕಲ್ಲು, ಚಕ್ಕೆ ತುಂಬಿ, ಚಪ್ಪಡಿ ದಡದ ಕಡೆಗೇ ಒಂದಿಷ್ಟು ವಾಲುವಂತೆ ಕೂರಿಸುತ್ತಿದ್ದರು. ಮಳೆಗಾಲದಲ್ಲಿ ಸುತ್ತಲಿನ ನೆಲ ಕುಡಿದ ನೀರು ಈ ಸಂದಿಗಳಿಂದಲೇ ಒಳಗೆ ಜಿನುಗುತ್ತದೆ. ಒರತೆಯ ದಾರಿ ಅದು. ಆ ದಾರಿಗೆ ಸಿಮೆಂಟ್ ಹಾಕಿದರೆ ಕಲ್ಯಾಣಿ ಒಣಗುತ್ತದೆ, ನೀರೆಲ್ಲ ಕಲ್ಲಿನ ಬೆನ್ನ ಹಿಂದೆ ನಿಲ್ಲುತ್ತದೆ. ಹಿಂದೆ ಹತ್ತಡಿ ನೀರು ನಿಂತರೆ ಬುಡದ ಒಂದೊಂದು ಚದರ ಅಡಿಯ ಮೇಲೂ ಸುಮಾರು 280 ಕಿಲೊ ಒತ್ತಡ ಬೀಳುತ್ತದೆ. ಒಂದೆರಡು ಮಳೆಗಾಲ ಕಳೆಯಲಿ, ಮೊದಲು ನಡುವಿನ ಸಾಲು ಉಬ್ಬುತ್ತದೆ, ಆಮೇಲೆ ಮೇಲಿನ ಸಾಲುಗಳು ಜಾರುತ್ತವೆ. ಸಿಮೆಂಟಿನಲ್ಲಿರುವ ಲವಣ ಕಲ್ಲಿನೊಳಗೆ ಸೇರಿ ಬಿಳಿ ಪುಡಿಯಾಗಿ ಹೊರಬಿದ್ದು ಮೈಯ ಹೊಪ್ಪಳೆ ಏಳಿಸುವುದು ಬೇರೆ. ಹಸಿ ಸಿಮೆಂಟಿನ ಕ್ಷಾರ ಇಳಿದ ನೀರಿನಲ್ಲಿ ಮೀನು ಬದುಕುವುದಿಲ್ಲ.

ನೀರು ಖಾಲಿ ಮಾಡಿದ ರೀತಿಯೂ ತಪ್ಪು. ಎರಡು ದಿನದಲ್ಲಿ ಪಂಪಿಟ್ಟು ಪೂರ್ತಿ ಎತ್ತಿಬಿಟ್ಟರು. ದಡದ ಮಣ್ಣು ಇನ್ನೂ ನೆನೆದಿರುವಾಗ ಮುಂದಿನ ನೀರಿನ ಆಸರೆ ಏಕಾಏಕಿ ತಪ್ಪಿದರೆ ಗೋಡೆ ಕುಸಿಯುತ್ತದೆ. ಬೇಸಿಗೆಯ ಕೊನೆಯಲ್ಲಿ, ದಿನಕ್ಕೆ ಒಂದಡಿಯಷ್ಟು ಇಳಿಸಿ, ಗೋಡೆ ನೋಡಿಕೊಂಡು ಮುಂದುವರಿಯಬೇಕು. ಹೂಳನ್ನು ಬುಟ್ಟಿಯಲ್ಲಿ ಎತ್ತಬೇಕು, ಹಳೆಯ ತಳ ಸಿಕ್ಕ ಕೂಡಲೇ ನಿಲ್ಲಿಸಬೇಕು. ಇಲ್ಲಿ ಜೆಸಿಬಿ ಇಳಿಸಿ ಕೆಳಸಾಲಿನ ಬುಡವನ್ನೇ ಕೆರೆದಿದ್ದಾರೆ. ಈಶಾನ್ಯದ ಮೂಲೆಯಲ್ಲಿ ಮೂರು ಚಪ್ಪಡಿಯ ಅಂಚು ಮುರಿದಿದೆ, ಒಡೆದ ಜಾಗ ಇನ್ನೂ ಹೊಸ ಬಿಳುಪಿನಲ್ಲೇ ಇದೆ. ಅರಳಿ ಗಿಡವನ್ನು ಹಗ್ಗ ಕಟ್ಟಿ ಕಿತ್ತರಂತೆ. ಬೇರಿನ ಜತೆ ಕಲ್ಲೂ ಬರದೆ ಇನ್ನೇನಾಗುತ್ತದೆ? ಗಿಡ ಕಡಿದು, ಬೇರು ಸತ್ತು ಒಣಗುವ ತನಕ ಕಾದು, ಮೇಲಿನಿಂದ ಒಂದೊಂದೇ ಸಾಲು ಬಿಚ್ಚಬೇಕು. ಬಿಚ್ಚುವ ಮೊದಲು ಪ್ರತಿ ಕಲ್ಲಿಗೂ ಗುರುತು ಹಾಕಬೇಕು. ಹಂಪಿಯ ರಾಜರ ಆವರಣದ ಮೆಟ್ಟಿಲು ಕೊಳದ ಕಲ್ಲುಗಳಲ್ಲಿ ಯಾವ ದಿಕ್ಕು, ಯಾವ ಸಾಲು ಎಂಬ ಗುರುತು ಇವತ್ತಿಗೂ ಇದೆ. ವಿಜಯನಗರದ ಕಲ್ಲುಕುಟಿಗರಿಗೆ ಇದ್ದ ಶಿಸ್ತು ಇವರಿಗೆ ಬೇಡವೆ?

ಗಾರೆ ಬೇಕಾಗಿದ್ದುದು ಮಂಟಪದ ಸೋರುವ ತಾರಸಿಗೆ. ಅದನ್ನು ಯಾರೂ ಮುಟ್ಟಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸಿ, ಜರಡಿ ಹಿಡಿದು, ಎರಡು ಮೂರು ವಾರ ನೀರಿನಡಿಯಲ್ಲೇ ಕೊಳೆಯಲು ಬಿಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಸುರ್ಕಿ (ಇಟ್ಟಿಗೆಯ ಪುಡಿ) ಸೇರಿಸಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹದಕ್ಕೆ. ತೆಳುವಾಗಿ ಬಳಿದು ಹತ್ತು ಹದಿನೈದು ದಿನ ಒದ್ದೆ ಗೋಣಿತಾಟು ಹೊದಿಸಬೇಕು. ಬೇಗ ಒಣಗಿದ ಗಾರೆ ಬಿರಿಯುತ್ತದೆ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಗುತ್ತಿಗೆದಾರರಿಗೆ ಸಮಯವಿಲ್ಲ.

ಜನರ ಪಾಡು ಕೇಳುವವರೇ ಇಲ್ಲ. ಎರಡು ತಿಂಗಳಿಂದ ಗೇಟಿಗೆ ಬೀಗ. ಜಲ್ಲಿಯ ರಾಶಿ ಬೀದಿಯ ಅರ್ಧಕ್ಕೆ ಬಂದಿದೆ, ತೇರಿನ ದಾರಿಯೂ ಅದೇ. ವಯಸ್ಸಾದವರು ದೇವಸ್ಥಾನಕ್ಕೆ ಬಸ್ ನಿಲ್ದಾಣದ ಕಡೆಯಿಂದ ಸುತ್ತಿಕೊಂಡು ಹೋಗಬೇಕು. ಸಿಮೆಂಟ್ ಧೂಳಿಗೆ ಕಿಟಕಿ ತೆಗೆಯುವ ಹಾಗಿಲ್ಲ. ತೆಪ್ಪೋತ್ಸವಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ‘ಟ್ಯಾಂಕರ್ ತರಿಸುತ್ತೇವೆ’ ಎನ್ನುತ್ತಾರೆ. ಒರತೆ ಮುಚ್ಚಿ ಟ್ಯಾಂಕರ್ ತರಿಸುವುದು ಎಂಥ ಆಡಳಿತ!

ಇದು ಮೊದಲ ಸಲವೂ ಅಲ್ಲ. ಮಂಟಪದ ಕಂಬಗಳಿಗೆ ಎಣ್ಣೆ ಬಣ್ಣ ಬಳಿದು ಕೆತ್ತನೆ ಮುಚ್ಚಿದವರು ಇವರೇ. ದೀಪ ಹಾಕಲೆಂದು ಕಂಬಕ್ಕೆ ಡ್ರಿಲ್ ಕೊರೆದು ಮೊಳೆ ಹೊಡೆದವರೂ ಇವರೇ. ಶಾಸನದ ಕಲ್ಲನ್ನು ನೆಲಹಾಸಿನಲ್ಲಿ ಹೂತಾಗ ಅರ್ಜಿ ಕೊಟ್ಟರೆ ಒಂದು ಕಚೇರಿ ಇನ್ನೊಂದು ಕಚೇರಿಯ ಕಡೆ ಕೈ ತೋರಿಸಿತು. ಆ ಅರ್ಜಿ ಈಗ ಎಲ್ಲಿದೆಯೋ. ಹುಲಿಕೆರೆಯ ಹೊಯ್ಸಳರ ಕೊಳಕ್ಕೋ, ಸಂತೇಬೆನ್ನೂರಿನ ಪುಷ್ಕರಣಿಗೋ ಈ ಎಂಜಿನಿಯರುಗಳು ಒಮ್ಮೆ ಹೋಗಿ ಬರಲಿ. ಸಂತೇಬೆನ್ನೂರಿನಲ್ಲಿ ನಾಯಕರು ಕಟ್ಟಿಸಿದ ಕೊಳ, ದಡದಲ್ಲಿ ಪ್ರಯಾಣಿಕರು ತಂಗುವ ಮುಸಾಫಿರ್‌ಖಾನೆ, ಎರಡೂ ಒಂದೇ ನೀರಿಗೆ ಮುಖ ಮಾಡಿ ನಿಂತಿರುವ ನಾಡು ಇದು. ನೋಡಿ ಕಲಿಯಲು ದೂರ ಹೋಗಬೇಕಿಲ್ಲ.

ಮೆತ್ತಿದ ಸಿಮೆಂಟನ್ನು ಕೂಡಲೇ ಕೆತ್ತಿ ತೆಗೆಸಬೇಕು. ಬ್ರೇಕರ್ ಯಂತ್ರ ಬೇಡ, ಕೈ ಉಳಿಯಲ್ಲೇ ಆಗಬೇಕು. ದಿನ ಕಳೆದಷ್ಟೂ ಅದು ಕಲ್ಲಿನ ಅಂಚನ್ನು ಕಚ್ಚಿಕೊಂಡೇ ಬರುತ್ತದೆ. ಇಲ್ಲವೇ ಕೆಲಸ ಬಲ್ಲವರು ಬರುವ ತನಕ ಯಾರೂ ಕೈ ಹಾಕಕೂಡದು. ಬಿಲ್ ಪಾಸು ಮಾಡುವ ಮೊದಲು ಅಧಿಕಾರಿಗಳು ಒಂದು ಸಲವಾದರೂ ಮೆಟ್ಟಿಲಿಳಿದು ನೋಡಲಿ. ದಡದಲ್ಲಿ ನಿಂತು ಸಹಿ ಹಾಕಲು ಜನ ಇವರಿಗೆ ಸಂಬಳ ಕೊಡುತ್ತಿಲ್ಲ.

– ಕಲ್ಯಾಣಿ ಬೀದಿಯ ನಿವಾಸಿ